ಮುಂಡಪ್ಪನ ರಕ್ತ, ನನ್ನ ಶಾಲು

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಡಾಕ್ಟರ್ ಇಬ್ರಾಹಿಂ ಅವರೇ, ಬಂಟ್ವಾಳದ ಮಧುಮೇಹಿ ಬಂಧುಗಳೇ, ಸಿಹಿ ಹಂಚುತ್ತಾರೆಂದು ನಂಬಿ ಬಂದಿರುವ ಇತರ ಸಭಿಕರೇ,

ಮೂರೇ ವಾರ ನಡೆದು ರಕ್ತದ ಸಕ್ಕರೆಯನ್ನು ಇನ್ನೂರ ನಲ್ವತ್ತರಿಂದ ಎಂಬತ್ತೆರಡಕ್ಕೆ ಇಳಿಸಿದ ಮಹಾನುಭಾವನೆಂದು ನನಗೆ ಈ ಶಾಲು ಹೊದಿಸಿದ್ದೀರಿ. ಸುಮ್ಮನೆ ಕೂರಬಹುದಿತ್ತು. ಆದರೆ ಈಗಷ್ಟೇ ಜವಳಿ ಅಂಗಡಿಯ ಹಾಜಬ್ಬನವರು ನನ್ನ ಕಿವಿಯಲ್ಲಿ, "ಮಾಷ್ಟ್ರೇ, ನಾಳೆಯಿಂದ ನಾನೂ ನಡೀತೇನೆ, ಮಾತ್ರೆ ಬಿಡ್ತೇನೆ" ಎಂದರು. ಹಾಜಬ್ಬನವರೇ, ಬಿಡಬೇಡಿ! ಆ ಎಂಬತ್ತೆರಡು ನನ್ನದಲ್ಲ.

ನಾನು ನಡೆದದ್ದು ಸುಳ್ಳೇ? ಸುಳ್ಳಲ್ಲ. ನದಿಯ ಬದಿಯಲ್ಲಿ ದಿನಾ ನಡೆದೆ. ದಾರಿಯ ಕೊನೆಗೆ ಹೋಟೆಲು ಉಂಟು, ಅಲ್ಲಿ ಬಾಳೆಹಣ್ಣು ಕಲಸಿ ಕರಿದ ಬಿಸಿ ಬನ್ಸ್ ಉಂಟು. ವಾಗ್ದೇವಿ, ಹೆಂಡತಿಯೆಂದು ಎರಡನೇ ಸಾಲಿನಿಂದ ಹಾಗೆ ನೋಡಬೇಡ, ಎರಡೇ ತಿನ್ನುತ್ತಿದ್ದದ್ದು. ಸಕ್ಕರೆ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಡಾಕ್ಟರರು ಹೆದರಿಸಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಬೆತ್ತ ತೋರಿಸಿದ ನಾನು ಸೂಜಿ ಕಂಡರೆ ಬಾಗಿಲು ಹುಡುಕುತ್ತೇನೆ. ಹಾಗಾಗಿ ನನ್ನ ಹಳೆಯ ಶಿಷ್ಯ, ಪೋಸ್ಟ್‌ಮ್ಯಾನ್ ಮುಂಡಪ್ಪನ ಕೈಗೆ ನನ್ನ ಹೆಸರಿನ ಚೀಟಿ ಕೊಟ್ಟು, ನಮ್ಮಿಬ್ಬರ ಗುರುತೂ ಇಲ್ಲದ ಮೂಡುಬಿದಿರೆಯ ಲ್ಯಾಬಿಗೆ ಕಳುಹಿಸಿದೆ.

"ಮಾಷ್ಟ್ರೇ, ನಿಮ್ಮ ಹೆಸರಿನ ಕಾಗದವನ್ನೇ ನಾನು ಬೇರೆಯವರಿಗೆ ಕೊಡುವುದಿಲ್ಲ. ನಿಮ್ಮ ಹೆಸರಲ್ಲಿ ರಕ್ತ ಕೊಡಬಹುದಾ?" ಎಂದು ಕೇಳಿದ. ಕೊಡಬಹುದು ಎಂದೆ. ಗುರುವಿನ ಮಾತು ಮೀರಲಿಲ್ಲ, ಪಾಪ.

ವರದಿ ನೋಡಿ ಡಾಕ್ಟರರು ಹಿರಿಹಿರಿ ಹಿಗ್ಗಿದರು. ನನ್ನ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಆಗ ನಿಜವಾಗಿ ಹೆದರಿದೆ. ಹೇಳಲು ನಾಚಿಕೆ, ಹೇಳದಿದ್ದರೆ ಜೀವಕ್ಕೇ ಕುತ್ತು. ಮಾಡುವುದೇನು? ಮುಂಡಪ್ಪನ ಬೆನ್ನು ಹಿಡಿದು ಹೊರಟೆ. ಗುಡ್ಡ ಹತ್ತಿ, ಗದ್ದೆಯ ಬದು ದಾಟಿ, ಮನೆಮನೆಗೆ ಕಾಗದ ಹಂಚುವ ದಾರಿ. ಆ ದಾರಿಯಲ್ಲಿ ಹೋಟೆಲಿಲ್ಲ ಮಾರಾಯ್ರೆ! ಐದು ತಿಂಗಳು ನಡೆದೆ. ಕಳೆದ ವಾರ ಲ್ಯಾಬಿನಲ್ಲಿ ಕಣ್ಣು ಮುಚ್ಚಿ ನನ್ನದೇ ತೋಳು ಚಾಚಿದೆ. ಬಂದದ್ದು ನೂರ ಮೂವತ್ತು. ಎಂಬತ್ತೆರಡರಷ್ಟು ಚಂದವಿಲ್ಲ, ಆದರೆ ಅದು ನನ್ನ ಬೆವರಿನದು. ಡಾಕ್ಟರೇ, ಬೈಸಿಕೊಳ್ಳಲು ನಾಳೆ ಬೆಳಿಗ್ಗೆ ಬರುತ್ತೇನೆ, ನಡೆದುಕೊಂಡೇ.

ಹಿಂದಿನ ಬಾಗಿಲ ಬಳಿ ನಿಂತಿರುವ ಮುಂಡಪ್ಪ, ಇಲ್ಲಿ ಬಾ. ಎಪ್ಪತ್ತನಾಲ್ಕನೇ ಇಸವಿಯ ನೆರೆಯಲ್ಲಿ ಸೊಂಟಮಟ್ಟ ನೀರಿನಲ್ಲಿ ನಡೆದು ಕಾಗದ ತಂದವನು ನೀನು. ಆ ನಡಿಗೆಗೆ ಈ ಊರಿನಲ್ಲಿ ಯಾರೂ ಶಾಲು ಹೊದಿಸಲಿಲ್ಲ. ಈ ಶಾಲು ತಪ್ಪು ವಿಳಾಸಕ್ಕೆ ಬಂದಿದೆ, ಮುಟ್ಟಬೇಕಾದವನಿಗೆ ಮುಟ್ಟಿಸುತ್ತಿದ್ದೇನೆ. ತಗೋ ಮಗಾ, ಸಹಿ ಬೇಡ.

ನಗುತ್ತಾ ಕೇಳಿದ ನಿಮಗೆಲ್ಲ, ನಗದೆ ಕೇಳಿದ ವಾಗ್ದೇವಿಗೂ, ಧನ್ಯವಾದ. ನಮಸ್ಕಾರ.