ಗೋಡೆಯಾಚೆಯ ಕೂಗು

ಅಂಕೋಲೆಗೆ ಹೊರಟಿದ್ದ ಬಸ್ಸು ಅರ್ಗಾದ ಬಳಿ ಲಾರಿಗಳ ಹಿಂದೆ ಸಿಕ್ಕಿಕೊಂಡು ಅರ್ಧ ಗಂಟೆಯಾಗಿತ್ತು. ನಿಂತಿದ್ದ ನಾಗಶ್ರೀಗೆ ಕೈ ಅಲ್ಲಾಡಿಸಲೂ ಜಾಗವಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಮತ್ತು ಅವಳ ಚಿಕ್ಕಮ್ಮನ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಟಿವಿ ನೋಡೂಕೆ ಅಂಕೋಲೆಗೆ ಹೋಗ್ತಾರೇನೆ ಸುಗಂಧಾ? ನಿಮ್ಮನೇಲೇ ಗೋಡೆಯಷ್ಟು ದೊಡ್ಡದು ಅದೆಯಲ್ಲೆ!”

“ಅದು ಇಂಟರ್ನೆಟ್ಟಿಂದು ಮಾವಶಿ, ಅರ್ಧ ನಿಮಿಷ ತಡ. ಪಕ್ಕದ ಮನೆ ಡಿಶ್ಶಿಗೆ ಎಲ್ಲ ಮೊದಲೇ ಬತ್ತದೆ.”

“ಅರ್ಧ ನಿಮಿಷಕ್ಕೆ ಅನ್ನ ಸೀದು ಹೋತದ್ಯಾ?”

“ಹೋದ ತಿಂಗಳು ನಮ್ಮ ದೀಪಾಲಿ ಕಬಡ್ಡಿ ಇತ್ತಲ್ಲ. ನಮ್ಮ ಟಿವಿಲಿ ಅದಿನ್ನೂ ಗೆರೆ ಹತ್ರ ನಿಂತಿತ್ತು. ಗೋಡೆ ಆಚೆಯಿಂದ ‘ಅಯ್ಯೋ, ಹುಡುಗಿ ಕಾಲು!’ ಅಂತ ಕೂಗಿದ್ರು.”

ಮಾವಶಿ ಪೂರ್ತಿ ಅವಳ ಕಡೆ ತಿರುಗಿ ಕೂತಳು.

“ಆಮೇಲೆ ನಮ್ಮ ಟಿವಿಲಿ ಅದು ನೆಲ ಮುಟ್ಟಿ ನಮಸ್ಕಾರ ಮಾಡ್ತು, ನಗಾಡ್ತು, ಒಳಗೆ ಹೋಯ್ತು. ‘ಹೋಗ್ಬೇಡ ಮಗಾ’ ಅಂತ ನಾನು ಟಿವಿಗೆ ಕೂಗ್ತಾ ಇದ್ದೆ.”

“ಮಗಳ ಕಾಲು ವಾಸಿ ಆಯ್ತಲ್ಲ ಈಗ.”

“ಅದಕ್ಕೇ ಇವತ್ತು ಮತ್ತೆ ಆಡ್ತದೆ, ಐದು ಗಂಟೆಗೆ. ತಂಗಿ ಮನೇಲಿ ಡಿಶ್ ಅದೆ.”

“ಮೊದಲೇ ನೋಡಿದ್ರೆ ಬೀಳೂದು ತಪ್ಪಿಸೂಕಾತದ್ಯಾ, ಮಾರಾಯ್ತಿ?”

“ಇಲ್ಲ. ಬಿದ್ರೆ ಬಿದ್ದಾಗ್ಲೇ ಗೊತ್ತಾದ್ರೆ ಸಾಕು.”

ಐದು ಕಳೆದು ಹತ್ತು ನಿಮಿಷವಾದರೂ ಬಸ್ಸು ಅಲುಗಲಿಲ್ಲ. ಸುಗಂಧಾ ಕಿಟಕಿಯಾಚೆ ಕೈ ತೋರಿಸಿದಳು. “ಮಾವಶಿ, ಆ ಹೋಟೆಲ್ ಮಾಡಿನ ಮೇಲೆ ಡಿಶ್ ಅದೆ. ಏಳು!”

“ನಿಂಗೆ ಹುಚ್ಚೇ ಸೈ,” ಎನ್ನುತ್ತ ಮಾವಶಿ ಚೀಲ ಎತ್ತಿಕೊಂಡಳು.

ಇಬ್ಬರೂ ನಾಗಶ್ರೀಯನ್ನು ಒತ್ತರಿಸಿಕೊಂಡು ಇಳಿದು, ಲಾರಿಗಳ ನಡುವೆ ದಾರಿ ಮಾಡಿಕೊಂಡು ಓಡಿದರು. ಅವರು ರಸ್ತೆ ದಾಟುವ ಮೊದಲೇ ಹೋಟೆಲಿನ ಒಳಗೆ ಎಲ್ಲರೂ ಒಟ್ಟಿಗೇ ಕೂಗಿದರು. ಸುಗಂಧಾ ರಸ್ತೆಯ ನಡುವೆಯೇ ನಿಂತುಬಿಟ್ಟಳು.