ತಾತನೇ ಕುರಿ

ನರಿನ್ ಪಟ್ಟಣದಲ್ಲಿ ಎರಡು ವಾರದಿಂದ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿಳಿದು, ಶಾಲೆಗೆ ರಜೆ ಕೊಟ್ಟಿದ್ದರು. ರೊಟ್ಟಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಸೈರಕಾನಕ್ಕ, ಅವರ ಮುಂದೆ ಹಿಂದಿನ ಬೀದಿಯ ಜಿಪಾರ.

“ಮೊಮ್ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದ್ರಿ ಅಕ್ಕಾ?”

“ಅವರ ತಾತನ ಹತ್ರ. ಕೈಕಾಲು ಕಟ್ಟಿ ಹಾಕಿದಾರೆ.”

“ಯಾರನ್ನ?”

“ತಾತನ್ನೇ ಕಣೇ. ಔತಣದ ಆಟ. ಮೂರು ಮಕ್ಕಳೂ ನೆಂಟರು, ಇವರು ಕುರಿ.”

“ಅವರೂ ಒಪ್ಪಿದ್ರಾ?”

“ಒಪ್ಪೋದೇನು ಬಂತು, ಬ್ಯಾ ಬ್ಯಾ ಅಂತ ಅರಚಿದ್ದೇ ಅರಚಿದ್ದು! ಕೊಯ್ಯೋಕೆ ಮುಂಚೆ ನೆಂಟರು ಅಂಗೈ ಚಾಚಿ ಹರಸಬೇಕಲ್ಲ, ಅದನ್ನೂ ಕುರಿಯೇ ಹೇಳಿಕೊಡ್ತು.”

“ಆಮೇಲೆ?”

“ಮರದ ಸೌಟಲ್ಲಿ ಕೊಯ್ದರು. ತೊಡೆ ಒಬ್ಬನಿಗೆ, ಪಕ್ಕೆ ಒಬ್ಬಳಿಗೆ. ತಲೆ ಹಂಚೋವಾಗ ಜಗಳ ಹತ್ಕೊಳ್ತು. ತಲೆ ಯಾರಿಗೆ ಸೇರ್ಬೇಕು, ಹೇಳು?”

“ಮನೆಗೆ ದೊಡ್ಡೋರಿಗೆ.”

“ದೊಡ್ಡೋರೇ ಕುರಿ ಆಗಿ ಬಿದ್ದಿದಾರಲ್ಲೇ!”

ಜಿಪಾರ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅವರು ಬಿಟ್ರೆ ನೀವೇ ತಾನೆ ದೊಡ್ಡೋರು? ತಲೆ ನಿಮ್ದೇ ಅಕ್ಕಾ, ಹೋಗಿ ಹೇಳಿ.”

“ಶ್! ಮೆತ್ತಗೆ ಮಾತಾಡು ಮಾರಾಯ್ತಿ. ಮೂರೂ ಒಂದು ಗಂಟೆ ಹೊತ್ತಿಂದ ಕೂತ ಜಾಗ ಬಿಟ್ಟು ಏಳದೆ ಅದನ್ನೇ ತೀರ್ಮಾನ ಮಾಡ್ತಿದಾರೆ. ಎರಡು ವಾರದಿಂದ ಆ ಮಕ್ಕಳು ಕೂತಿದ್ದನ್ನೇ ನಾನು ನೋಡಿರ್ಲಿಲ್ಲ.”

“ಪಾಪ, ತಾತ?”

“ತಲೆ ಕೆಳಗೆ ದಿಂಬು ಇಟ್ಟು ಬಂದಿದೀನಿ.”

ಇಬ್ಬರಿಗೂ ರೊಟ್ಟಿ ಸಿಕ್ಕಿತು. ಸೈರಕಾನಕ್ಕ ಬಿಸಿ ರೊಟ್ಟಿಯನ್ನು ಕೋಟಿನೊಳಗೆ ಸೇರಿಸಿಕೊಂಡು, ತಮ್ಮ ಮನೆಯ ದಾರಿಯನ್ನೊಮ್ಮೆ ನೋಡಿದರು.

“ಜಿಪಾರ, ನಿಮ್ಮನೇಲಿ ಚಹಾ ಇದ್ಯೇನೇ?”

ಇಬ್ಬರೂ ಹಿಂದಿನ ಬೀದಿಗೆ ತಿರುಗಿದರು.