ತೆರೆದೇ ಇದ್ದ ಹಿಂಬಾಗಿಲು

ಹೇಳಿಕೆ ಕೊಡುತ್ತಿರುವವಳು: ಕಾರು ನೋಡಲು ಹೋಗಿದ್ದ ಕುಟುಂಬದ ಕಿರಿಮಗಳು. ವಯಸ್ಸು: ಇಪ್ಪತ್ತಮೂರು. ಓದು: ಸಾಹಿತ್ಯದಲ್ಲಿ ಎಂ.ಎ. ಕೆಲಸ: ಹುಡುಕುತ್ತಿದ್ದೇನೆ. ವಾಸ: ತಂದೆಯ ಮನೆ. ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ ಹತ್ತೂವರೆಗೆ ನಾವು ಶೋರೂಮಿಗೆ ಹೋದಾಗ, ಗೇಟು ತೆಗೆದ ಕಾವಲುಗಾರರ ಎಡಗಾಲಿನ ಬೂಟಿಗೆ ಲೇಸು ಇರಲಿಲ್ಲ. ಹೊಸ ಕಾರಿಗೆ ಕಟ್ಟುವ ಕೆಂಪು ರಿಬ್ಬನ್ನನ್ನು ಸೀಳಿ ಪೋಣಿಸಿಕೊಂಡಿದ್ದರು. ಪ್ರಕರಣಕ್ಕೆ ಇದು ಬೇಕಿಲ್ಲದಿರಬಹುದು. ಈಗ ಮುರಿದಿರುವುದು ಅದೇ ಕಾಲಾದ್ದರಿಂದ ಹೇಳುತ್ತಿದ್ದೇನೆ.

ನೋಡಲು ಹೋಗಿದ್ದು ಶೋರೂಮಿನ ಶೆಡ್ಡಿನಲ್ಲಿ ನಿಲ್ಲಿಸಿದ್ದ ಮಧ್ಯಮ ಗಾತ್ರದ, ಏಳು ಸೀಟಿನ ಎಸ್‌ಯುವಿ. ಹೋದವರು ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ ಮಗು ಮತ್ತು ನಾನು. ನಮ್ಮ ಮನೆಯಲ್ಲಿ ಏನೇ ಕೊಳ್ಳುವುದಿದ್ದರೂ ಎಲ್ಲರೂ ಹೋಗಿ ಎಲ್ಲರೂ ಪರೀಕ್ಷೆ ಮಾಡಬೇಕು. ಅಪ್ಪ ಒಂದೊಂದೇ ಬಾಗಿಲು ಹಾಕಿ ಕಿವಿಗೊಟ್ಟು ಕೇಳಿದರು. ಡಬ್ಬಿ ಮುಚ್ಚಳದ ಹಾಗೆ ಸದ್ದು ಬರಬಾರದು, ಧಪ್ ಅನ್ನಬೇಕು ಎಂದರು. ಅಮ್ಮ ಮಂಡಿ ಹಿಡಿದುಕೊಂಡು ಹತ್ತಿ, ಇದೇನಪ್ಪ, ಅಟ್ಟ ಹತ್ತಿದ ಹಾಗಾಯ್ತು ಎಂದರು. ಕೊನೆಯ ಸಾಲು ದೊಡ್ಡವರಿಗೆ ಸಾಲುತ್ತದೋ ಎಂದು ನೋಡಲು ನನ್ನನ್ನು ಅಲ್ಲಿ ಕೂರಿಸಿದರು. ಮಂಡಿ ಗದ್ದಕ್ಕೆ ತಾಗುತ್ತಿತ್ತು. ಸಾಲುವುದಿಲ್ಲ ಎಂದೆ. ನಮ್ಮ ಮೌನಗೌರಿಗೆ ಧಾರಾಳ ಆಯ್ತು ಎಂದು ಭಾವ ಸೇಲ್ಸ್‌ನವರಿಗೆ ಹೇಳಿದರು.

ಆಮೇಲೆ ಅಕ್ಕ, ಮಗುವಿನ ತಳ್ಳುಗಾಡಿ ಹಿಂದೆ ಹಿಡಿಯುತ್ತಾ ನೋಡೋಣ ಎಂದಳು. ಸೇಲ್ಸ್‌ನವರು ಇಟ್ಟು ನೋಡಿದರು. ಕೊನೆಯ ಸಾಲಿನಲ್ಲಿ ನಾನಿದ್ದೆನಲ್ಲ, ತಳ್ಳುಗಾಡಿಯ ಚಕ್ರಗಳು ಹೊರಗೇ ಉಳಿದವು. ಹಿಂಬಾಗಿಲು ಮುಚ್ಚಲಾಗಲಿಲ್ಲ. ಅಷ್ಟರಲ್ಲಿ ಮನೆಯವರೆಲ್ಲ ಒಳಗೆ ಕೂತಾಗಿತ್ತು. ಸ್ಟೀರಿಂಗ್ ಹಿಡಿದಿದ್ದ ಭಾವ, ರಿವರ್ಸ್ ಕ್ಯಾಮೆರಾನೂ ನೋಡೇಬಿಡೋಣ ಎಂದು ಇಂಜಿನ್ ಶುರು ಮಾಡಿದರು. ಸೇಲ್ಸ್‌ನವರು ಭಾವನ ಕಿಟಕಿಯ ಬಳಿಗೆ ಓಡಿಬಂದು, ಬೇಡ ಸರ್, ಹಿಂಬಾಗಿಲು ಮೇಲಕ್ಕೆತ್ತಿದೆ, ಕ್ಯಾಮೆರಾ ಇರೋದೇ ಆ ಬಾಗಿಲಲ್ಲಿ ಎಂದು ಎರಡು ಸಲ ಹೇಳಿದರು. ಕಾರು ತಗೊಳ್ಳೋನು ನಾನೋ ನೀನೋ ಎಂದು ಭಾವ ಕೇಳಿದರು. ಕಾರು ಕೀ ಕೀ ಎನ್ನತೊಡಗಿತು. ಬಾಗಿಲು ತೆಗೆದಿದೆ ಅಂತ ಬಡ್ಕೊಳ್ತಿದೆ ಅಷ್ಟೇ ಎಂದು ಅಪ್ಪ ಹೇಳಿದರು. ಪರದೆಯ ಮೇಲೆ ಶೆಡ್ಡಿನ ಚಾವಣಿ, ಟ್ಯೂಬ್‌ಲೈಟು ಬಿಟ್ಟರೆ ಬೇರೇನೂ ಇರಲಿಲ್ಲ. ಎಷ್ಟು ಕ್ಲಿಯರ್ ಇದೆ ನೋಡಿ ಮಾವ ಎಂದು ಭಾವ ಹಿಂದಕ್ಕೆ ಬಿಟ್ಟರು.

ತಳ್ಳುಗಾಡಿ ಜಾರಿ ಬೀಳುತ್ತದೆಂದು ಕಾವಲುಗಾರರು ಅದನ್ನು ಹಿಡಿಯಲು ಹಿಂದೆ ಬಂದಿದ್ದರು. ಹಿಂದಕ್ಕೆ ತಿರುಗಿ ಕೂತಿದ್ದ ನನಗೆ ಕಂಡಿತು. ಭಾವ, ನಿಲ್ಲಿಸಿ ಎಂದೆ. ಮತ್ತೊಮ್ಮೆ ಎಂದೆ. ಏನಂತೆ ಅವಳದು ಎಂದು ಅಮ್ಮ ಕೇಳಿದರು. ಸೀಟು ಸಾಲಲ್ವಂತೆ ಎಂದು ಅಕ್ಕ ಹೇಳಿದಳು. ಕಾವಲುಗಾರರ ಕಾಲು ಬಂಪರಿಗೂ ಶೆಡ್ಡಿನ ಕಂಬಕ್ಕೂ ನಡುವೆ ಸಿಕ್ಕಿತು. ಅವರು ಕೂಗಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಸೇಲ್ಸ್‌ನವರೇ ಕೈ ಬೀಸಿ ಬನ್ನಿ ಬನ್ನಿ ಎಂದರು ಎಂದು ಭಾವ ತಮ್ಮ ಹೇಳಿಕೆಯಲ್ಲಿ ಬರೆಸಿದ್ದಾರೆ. ಅದು ನಿಜವಾದರೆ ನಾಳೆಯಿಂದ ಬರಬೇಡ ಎಂದು ಮ್ಯಾನೇಜರು ಸೇಲ್ಸ್‌ನವರಿಗೆ ನನ್ನೆದುರಿಗೇ ಹೇಳಿದರು. ಅಮ್ಮ ಠಾಣೆಯ ಮೆಟ್ಟಿಲ ಬಳಿ ನನ್ನ ಕೈ ಒತ್ತಿ, ಹಿಂದೆ ಕೂತಿದ್ದೆ, ಏನೂ ಕಾಣಿಸ್ಲಿಲ್ಲ, ಕೇಳಿಸ್ಲಿಲ್ಲ ಅಂದ್ಬಿಡಮ್ಮ, ಅಕ್ಕನ ಸಂಸಾರ ನೋಡು ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ರೂಢಿ.

ನನಗೆ ಕಾಣಿಸಿತು, ಕೇಳಿಸಿತು. ಸೇಲ್ಸ್‌ನವರು ಬನ್ನಿ ಎನ್ನಲಿಲ್ಲ, ಬೇಡ ಎಂದರು.

ಮೇಲೆ ಬರೆಸಿದ್ದು ನಾನು ಕಂಡು ಕೇಳಿದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಸಹಿಗೆ ಮೊದಲು ಹೇಳಿಕೆಯನ್ನು ಓದಿ ಹೇಳುವ ಕ್ರಮವಿದೆ ಎಂದು ಬರೆದುಕೊಳ್ಳುತ್ತಿರುವ ಮೇಡಂ ತಿಳಿಸಿದರು. ಮನೆಯವರೆಲ್ಲ ಹೊರಗಿನ ಬೆಂಚಿನ ಮೇಲಿದ್ದಾರೆ. ಈ ಕೋಣೆಯ ಬಾಗಿಲು ತೆರೆದಿಡಿ, ಕಾಗದ ನನ್ನ ಕೈಗೆ ಕೊಡಿ, ನಾನೇ ಗಟ್ಟಿಯಾಗಿ ಓದುತ್ತೇನೆ ಎಂದು ಕೇಳಿಕೊಂಡಿದ್ದೇನೆ.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: ಘಟನೆಯ ದಿನವೇ, ಸಂಜೆ
ಸಹಿ: (ಓದಿದ ಮೇಲೆ)